ಖೈರ್ ಇಲ್ಲದ ದ್ವೀಪ

ಕಳೆದ ಮಳೆಗಾಲದ ಒಂದು ಶುಕ್ರವಾರ. ಜುಮಾ ಮುಗಿಸಿ ಜನರು ಮಸೀದಿಯಿಂದ ಹೊರಗೆ ಬರುತ್ತಿದ್ದರು. ಕಾಂಪೌಂಡಿನ ಮೂಲೆಯಲ್ಲಿ, ಮರಳಿನ ರಾಶಿಗೆ ಹೊದಿಸಿದ್ದ ಟಾರ್ಪಾಲಿನ ಅಡಿಯಲ್ಲಿ ಒಂದು ಹೆಣ್ಣು ನಾಯಿ ಮರಿ ಹಾಕಿತ್ತು. ಒಟ್ಟು ನಾಲ್ಕು ಮರಿಗಳು. ತಾಯಿಯ ಹಿಂಗಾಲಿಗೆ ಯಾವುದೋ ವಾಹನ ಬಡಿದಿತ್ತು. ಗಾಯ ಕೊಳೆತು ಹುಳುವಾಗಿತ್ತು. ಹತ್ತಿರ ಹೋದವರ ಮೇಲೆ ಅದು ಗುರ್ ಎನ್ನುತ್ತಿತ್ತು, ಆದರೆ ಎದ್ದು ನಿಲ್ಲುವ ಶಕ್ತಿ ಅದಕ್ಕಿರಲಿಲ್ಲ.

"ಗೋಣಿಯಲ್ಲಿ ಹಾಕಿ ಹೊಳೆಯಾಚೆ ಬಿಟ್ಟು ಬನ್ನಿ" ಎಂದರು ಒಬ್ಬರು. "ಮದ್ರಸದ ಮಕ್ಕಳು ಓಡಾಡುವ ಜಾಗ, ಕಚ್ಚಿದರೆ ಯಾರು ಹೊಣೆ?" ಎಂದರು ಇನ್ನೊಬ್ಬರು. ಆ ಮಾತಿನಲ್ಲೂ ನ್ಯಾಯವಿತ್ತು. ಯುವಕನೊಬ್ಬ ಉಸ್ತಾದರ ಬಳಿ ಹೋಗಿ, "ಉಸ್ತಾದರೇ, ಮುಟ್ಟಿದರೆ ಏಳು ಸಲ ತೊಳೆಯಬೇಕಲ್ಲವೇ?" ಎಂದು ಕೇಳಿದ. ಉಸ್ತಾದರು ಹೇಳಿದರು: "ತೊಳೆಯುವುದು ಮುಟ್ಟಿದ ಮೇಲಿನ ಮಾತು. ನೋವಿನಲ್ಲಿರುವ ಜೀವಿಯನ್ನು ಏನು ಮಾಡಬೇಕು ಎನ್ನುವುದು ಬೇರೆ ಮಾತು. ಎರಡನ್ನೂ ಬೆರೆಸಬೇಡ."

ಈ ಎರಡು ಮಾತುಗಳನ್ನು ಬೆರೆಸದೆ ಬದುಕಲು ಸಾಧ್ಯವೇ? ನಾಯಿಯ ಎಂಜಲು ಅಶುದ್ಧವೆಂದು ನಂಬುವ ಸಮಾಜ ಬೀದಿಯ ನಾಯಿಯನ್ನು ದಯೆಯಿಂದ ನೋಡಿಕೊಂಡ ಉದಾಹರಣೆ ಇತಿಹಾಸದಲ್ಲಿದೆಯೇ? ಇದೆ. ಶತಮಾನಗಳ ಕಾಲ ಹಾಗೆ ಬದುಕಿದ ಒಂದು ದೊಡ್ಡ ನಗರವೇ ಇದೆ. ಒಂದು ವರ್ಷ ಆ ನಗರ ತನ್ನ ನಾಯಿಗಳನ್ನೆಲ್ಲ, ಒಂದು ರೀತಿಯಲ್ಲಿ ಹೇಳುವುದಾದರೆ, ಗೋಣಿಯಲ್ಲಿ ಹಾಕಿ ಹೊಳೆಯಾಚೆ ಬಿಟ್ಟಿತು. ಅದರ ಫಲವನ್ನೂ ಕಂಡಿತು. ಈ ತಿಂಗಳು ಆ ಇತಿಹಾಸವನ್ನು ಓದುಗರ ಮುಂದಿಡುತ್ತಿದ್ದೇವೆ.

ಬುನಾದಿ

ಮೊದಲು ಬುನಾದಿಯನ್ನು ನೋಡೋಣ. ಬಾಯಾರಿದ ನಾಯಿಗೆ ನೀರು ಕೊಟ್ಟ ಮನುಷ್ಯನ ಹದೀಸನ್ನು ನಮ್ಮಲ್ಲಿ ಕೇಳದವರಿಲ್ಲ. ದಾರಿಯಲ್ಲಿ ಬಾಯಾರಿದ ಒಬ್ಬ ಬಾವಿಗಿಳಿದು ನೀರು ಕುಡಿದು ಮೇಲೆ ಬಂದಾಗ ನಾಯಿಯೊಂದು ಬಾಯಾರಿಕೆಯಿಂದ ಒದ್ದೆ ಮಣ್ಣನ್ನು ನೆಕ್ಕುತ್ತಿತ್ತು. ಆತ ಮತ್ತೆ ಬಾವಿಗಿಳಿದು, ಪಾದರಕ್ಷೆಯಲ್ಲಿ ನೀರು ತುಂಬಿ, ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಮೇಲೆ ಹತ್ತಿ ನಾಯಿಗೆ ಕುಡಿಸಿದ. ಅಲ್ಲಾಹನು ಅವನ ಕೆಲಸವನ್ನು ಮೆಚ್ಚಿ ಅವನನ್ನು ಕ್ಷಮಿಸಿದನು. ಪ್ರಾಣಿಗಳ ವಿಷಯದಲ್ಲೂ ನಮಗೆ ಪ್ರತಿಫಲವಿದೆಯೇ ಎಂದು ಸಹಾಬಿಗಳು ಕೇಳಿದಾಗ, ಜೀವವಿರುವ ಪ್ರತಿಯೊಂದರ ವಿಷಯದಲ್ಲೂ ಪ್ರತಿಫಲವಿದೆ ಎಂಬ ಅರ್ಥದ ಉತ್ತರವನ್ನು ಪ್ರವಾದಿ(ಸ)ರು ಕೊಟ್ಟರು. ಇನ್ನೊಂದು ಹದೀಸಿನಲ್ಲಿ ಇದೇ ಕೆಲಸ ಮಾಡಿದವಳು ಬನೀ ಇಸ್ರಾಈಲರ ಒಬ್ಬ ವೇಶ್ಯೆ. ಅವಳಿಗೂ ಕ್ಷಮೆ ಸಿಕ್ಕಿತು. ಬೆಕ್ಕನ್ನು ಕಟ್ಟಿಹಾಕಿ ಉಪವಾಸ ಕೆಡವಿದ ಹೆಂಗಸಿಗೆ ಸಿಕ್ಕಿದ್ದು ನರಕ.

ಹಿಜರಿ 8ರಲ್ಲಿ ಪ್ರವಾದಿ(ಸ)ರು ಸುಮಾರು ಹತ್ತು ಸಾವಿರ ಜನರ ಸೇನೆಯೊಂದಿಗೆ ಮಕ್ಕಾದ ಕಡೆಗೆ ಹೊರಟಿದ್ದಾಗಿನ ಒಂದು ಘಟನೆಯನ್ನು ಇತಿಹಾಸಕಾರ ಅಲ್ ವಾಕಿದಿ ದಾಖಲಿಸಿದ್ದಾರೆ. ಅಲ್ ಅರ್ಜ್ ಎಂಬ ಸ್ಥಳ ದಾಟಿದ ಮೇಲೆ ದಾರಿಯಲ್ಲಿ ಒಂದು ನಾಯಿ ತನ್ನ ಮರಿಗಳಿಗೆ ಹಾಲೂಡಿಸುತ್ತಾ ಗುರುಗುಟ್ಟುತ್ತಿತ್ತು. ಸೇನೆಯಲ್ಲಿ ಯಾರೂ ಅದನ್ನು ಕದಲಿಸದಂತೆ ನೋಡಿಕೊಳ್ಳಲು ಪ್ರವಾದಿ(ಸ)ರು ಜುಐಲ್ ಇಬ್ನ್ ಸುರಾಖಾ(ರ) ಎಂಬ ಸಹಾಬಿಯನ್ನು ಅಲ್ಲಿ ಕಾವಲು ನಿಲ್ಲಿಸಿದರು. ಒಂದು ನಗರವನ್ನು ಗೆಲ್ಲಲು ಹೊರಟ ಸೇನೆ ನಾಯಿಯೊಂದರ ಬಾಣಂತನಕ್ಕೆ ದಾರಿ ಬಿಟ್ಟು ಸಾಗಿತು.

ಇದರ ಜೊತೆಗೆ ಇನ್ನೊಂದು ಬಗೆಯ ಹದೀಸ್‌ಗಳೂ ಇವೆ. ಅವುಗಳನ್ನು ಮುಚ್ಚಿಟ್ಟು ಬರೆಯುವುದು ಪ್ರಾಮಾಣಿಕತೆಯಲ್ಲ. ಮದೀನಾದಲ್ಲಿ ಒಂದು ಹಂತದಲ್ಲಿ ನಾಯಿಗಳನ್ನು ಕೊಲ್ಲುವ ಆದೇಶವಾಗಿತ್ತು. ನಂತರ ಅದನ್ನು ನಿಲ್ಲಿಸಲಾಯಿತು ಎಂಬುದು ಸಹೀಹ್ ಮುಸ್ಲಿಮ್‌ನಲ್ಲೇ ಇದೆ. ಮಂದೆಗೆ, ಬೇಟೆಗೆ, ಹೊಲದ ಕಾವಲಿಗೆ ಅಲ್ಲದೆ ನಾಯಿ ಸಾಕುವವನ ಪುಣ್ಯ ದಿನದಿನವೂ ಕಡಿಮೆಯಾಗುತ್ತದೆ ಎಂಬ ಎಚ್ಚರಿಕೆ ಇದೆ. ನಾಯಿ ಇರುವ ಮನೆಗೆ ಮಲಕ್‌ಗಳು ಪ್ರವೇಶಿಸುವುದಿಲ್ಲ ಎಂಬ ಮಾತಿದೆ. ನಾಯಿ ನೆಕ್ಕಿದ ಪಾತ್ರೆಯನ್ನು ಏಳು ಸಲ, ಅದರಲ್ಲಿ ಒಂದು ಸಲ ಮಣ್ಣಿನಿಂದ ತೊಳೆಯಬೇಕೆಂಬ ಆದೇಶವಿದೆ. ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ಚಿತ್ರ ಮೂಡುತ್ತದೆ. ನಾಯಿಗೂ ಮನೆಯೊಳಗಿನ ಬದುಕಿಗೂ ನಡುವೆ ಒಂದು ಗೆರೆ ಇದೆ. ಆ ಗೆರೆಯಾಚೆ ನಿಂತಿರುವ ನಾಯಿಗೆ ಹಿಂಸೆ ಕೊಡಲು ಮಾತ್ರ ಎಲ್ಲೂ ಅನುಮತಿ ಇಲ್ಲ.

ಶುದ್ಧಿಯ ವಿಷಯದಲ್ಲಿ ಮದ್‌ಹಬ್‌ಗಳ ನಡುವೆ ಭಿನ್ನಾಭಿಪ್ರಾಯವಿದೆ. ನಮ್ಮ ಕರಾವಳಿಯ ಹೆಚ್ಚಿನವರು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ನಾಯಿ ಪೂರ್ತಿಯಾಗಿ ನಜಸ್. ಘಟ್ಟದ ಮೇಲಿನವರಲ್ಲಿ ಹೆಚ್ಚಿನವರು ಅನುಸರಿಸುವ ಹನಫಿ ಮದ್‌ಹಬ್‌ನಲ್ಲಿ ಎಂಜಲು ನಜಸ್, ಒಣಗಿದ ಮೈ ಅಲ್ಲ. ಮಾಲಿಕಿ ಮದ್‌ಹಬ್‌ನಲ್ಲಿ ಜೀವಂತ ನಾಯಿ ಶುದ್ಧ. ಆದರೆ ಹಸಿದ, ಬಾಯಾರಿದ, ಗಾಯಗೊಂಡ ಪ್ರಾಣಿಯ ವಿಷಯ ಬಂದಾಗ ದಯೆಯೇ ಧರ್ಮ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಕರ್ಮಶಾಸ್ತ್ರ ಗ್ರಂಥಗಳ ತಯಮ್ಮುಮ್ ಅಧ್ಯಾಯವನ್ನೇ ನೋಡಿ. ಪ್ರಯಾಣಿಕನ ಬಳಿ ನೀರು ಕಡಿಮೆಯಿದೆ, ಜೊತೆಯಲ್ಲಿರುವ ಪ್ರಾಣಿ ಬಾಯಾರಿದೆ. ನೀರನ್ನು ಪ್ರಾಣಿಗೆ ಕೊಟ್ಟು, ತಾನು ತಯಮ್ಮುಮ್ ಮಾಡಿ ನಮಾಝ್ ನಿರ್ವಹಿಸಬೇಕು. ಮಂದೆಯ ನಾಯಿ, ಬೇಟೆಯ ನಾಯಿಯೂ ಈ ಲೆಕ್ಕದಲ್ಲಿ ಬರುತ್ತವೆ. ವುಝೂವಿನ ನೀರಿಗಿಂತ ನಾಯಿಯ ಬಾಯಾರಿಕೆ ಮೊದಲು ಎಂದು ಬರೆದವರು ನಜಸ್‌ನ ನಿಯಮ ಬರೆದ ಅದೇ ವಿದ್ವಾಂಸರು.

ಹಿಜರಿ 660ರಲ್ಲಿ, ಅಂದರೆ ಕ್ರಿ.ಶ. 1262ರಲ್ಲಿ ಕೈರೋದಲ್ಲಿ ನಿಧನರಾದ ಶಾಫಿಈ ವಿದ್ವಾಂಸ ಇಝ್ಝುದ್ದೀನ್ ಇಬ್ನ್ ಅಬ್ದುಸ್ಸಲಾಮ್(ರಹ್) ಮನುಷ್ಯನ ಮೇಲೆ ಪ್ರಾಣಿಗಳಿಗಿರುವ ಹಕ್ಕುಗಳನ್ನು ಒಂದೊಂದಾಗಿ ಪಟ್ಟಿ ಮಾಡಿದರು. ಮುದಿಯಾಗಿ ಅಥವಾ ರೋಗದಿಂದ ಪ್ರಯೋಜನಕ್ಕೆ ಬಾರದಂತಾದ ಪ್ರಾಣಿಗೂ ಒಡೆಯ ಖರ್ಚು ಮಾಡಬೇಕು ಎಂಬುದು ಆ ಪಟ್ಟಿಯಲ್ಲಿದೆ. ಕಾವಲಿಗಿದ್ದ ನಾಯಿ ಮುದಿಯಾಯಿತೆಂದು ಪೇಟೆಯಲ್ಲಿ ಇಳಿಸಿ ಬರುವವರು ಏಳೂವರೆ ಶತಮಾನದ ಹಿಂದಿನ ಈ ಮಾತನ್ನು ಗಮನಿಸಬೇಕು.

ಮಹಲ್ಲದ ನಾಯಿ

ಈಗ ಆ ನಗರಕ್ಕೆ ಬರೋಣ. 1453ರಲ್ಲಿ ಉಸ್ಮಾನಿಯರ ಕೈಸೇರಿದ ಇಸ್ತಾಂಬುಲ್ ಮಹಲ್ಲಗಳ ನಗರವಾಗಿತ್ತು. ಒಂದು ಮಸೀದಿ, ಒಂದು ನೀರಿನ ಕಾರಂಜಿ, ಒಂದು ರೊಟ್ಟಿಯ ಒಲೆ, ಸುತ್ತ ಮನೆಗಳು. ಇಷ್ಟಾದರೆ ಒಂದು ಮಹಲ್ಲ. ನಮ್ಮ ಕರಾವಳಿಯವರು ಮಹಲ್ಲ ಎನ್ನುವುದೂ ಮೈಸೂರಿನವರು ಮೊಹಲ್ಲಾ ಎನ್ನುವುದೂ ಇದೇ ಅರಬಿ ಪದ. ಅಲ್ಲಿ ಪ್ರತಿ ಮಹಲ್ಲಕ್ಕೂ ತನ್ನದೇ ನಾಯಿಗಳಿದ್ದವು. ಅವು ಯಾರ ಮನೆಗೂ ಸೇರಿದವಲ್ಲ, ಇಡೀ ಮಹಲ್ಲಕ್ಕೆ ಸೇರಿದವು. ಒಂದು ಮಹಲ್ಲದ ನಾಯಿ ಇನ್ನೊಂದರ ಗಡಿ ದಾಟಿದರೆ ಅಲ್ಲಿನ ನಾಯಿಗಳು ಅಟ್ಟಿಬಿಡುತ್ತಿದ್ದವು.

1554ರಿಂದ 1562ರ ಅವಧಿಯಲ್ಲಿ ಸುಲ್ತಾನ್ ಸುಲೈಮಾನ್ ಅವರ ಆಸ್ಥಾನಕ್ಕೆ ರಾಯಭಾರಿಯಾಗಿ ಬಂದಿದ್ದ ಬುಸ್ಬೆಕ್ ಎಂಬ ಯುರೋಪಿಯನ್ ತನ್ನ ಪತ್ರಗಳಲ್ಲಿ ಇದನ್ನು ಬೆರಗಿನಿಂದ ದಾಖಲಿಸಿದ್ದಾನೆ. ತುರ್ಕರು ನಾಯಿಯನ್ನು ಅಶುದ್ಧವೆಂದು ಭಾವಿಸಿ ಮನೆಯೊಳಗೆ ಬಿಡುವುದಿಲ್ಲ. ಆದರೆ ನೆರೆಯಲ್ಲಿ ನಾಯಿ ಮರಿ ಹಾಕಿದರೆ ಮೂಳೆ, ರೊಟ್ಟಿಯ ಚೂರು, ಉಳಿದ ಗಂಜಿಯನ್ನು ಒಯ್ದು ಕೊಡುತ್ತಾರೆ, ಅದನ್ನು ಪುಣ್ಯದ ಕೆಲಸವೆಂದು ತಿಳಿಯುತ್ತಾರೆ. ಇದು ಆತ ಕಂಡ ನೋಟ. ಉಸ್ತಾದರು ಬೆರೆಸಬೇಡ ಎಂದಿದ್ದ ಎರಡು ಮಾತುಗಳನ್ನು ಆ ಜನರು ಬೆರೆಸಿರಲಿಲ್ಲ. ಬಾಗಿಲಲ್ಲಿ ಗೆರೆಯಿತ್ತು, ಗೆರೆಯಾಚೆಗೆ ಊಟದ ಬಟ್ಟಲೂ ಇತ್ತು. ನೂರು ವರ್ಷಗಳ ನಂತರ ಬಂದ ಫ್ರೆಂಚ್ ಪ್ರವಾಸಿ ತೆವೆನೊ, ಬೀದಿಯ ನಾಯಿ ಬೆಕ್ಕುಗಳಿಗೆ ಆಹಾರ ಹಾಕಲೆಂದು ರೊಟ್ಟಿಯವರಿಗೂ ಕಸಾಯಿಗಳಿಗೂ ವಸಿಯ್ಯತ್‌ನಲ್ಲಿ ಹಣ ಬಿಟ್ಟು ಸಾಯುವವರ ಬಗ್ಗೆ ಬರೆದ. ಬೀದಿಯ ಪ್ರಾಣಿಗಳಿಗೆ ಹಾಕಲೆಂದೇ ಮಾಂಸದ ಚೂರುಗಳನ್ನು ಹೊತ್ತು ಮಾರುವ ಕಸುಬಿನವರೂ ಆ ನಗರದಲ್ಲಿದ್ದರು.

ಇದು ಸ್ವರ್ಗವಾಗಿತ್ತು ಎಂದು ನಾವು ಹೇಳುತ್ತಿಲ್ಲ. ನಾಯಿಗಳಿಗೆ ಕಜ್ಜಿ ಇತ್ತು, ಹಸಿವಿತ್ತು, ಜಗಳವಿತ್ತು. ರಾತ್ರಿ ಬೊಗಳುವಿಕೆಯಿಂದ ಜನರಿಗೆ ನಿದ್ದೆ ಬರುತ್ತಿರಲಿಲ್ಲ. ಆದರೆ ಒಂದು ಒಪ್ಪಂದವಿತ್ತು. ನಾಯಿಗಳು ಬೀದಿಯ ಕಸ ತಿನ್ನುತ್ತಿದ್ದವು, ಅಪರಿಚಿತರು ಬಂದರೆ ಎಚ್ಚರಿಸುತ್ತಿದ್ದವು. ಜನರು ಅನ್ನ ನೀರು ಕೊಡುತ್ತಿದ್ದರು.

ನಾಚಿಕೆ ಎಂಬ ಹೊಸ ರೋಗ

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಒಪ್ಪಂದ ಮುರಿಯತೊಡಗಿತು. ಹಡಗಿನಲ್ಲಿ ಬಂದಿಳಿಯುವ ಯುರೋಪಿಯನ್ ಪ್ರವಾಸಿಗರು ನಾಯಿಗಳನ್ನು ನೋಡಿ ನಗುತ್ತಿದ್ದರು. ಅವರ ನಗು ನೋಡಿ ನಗರದ ವಿದ್ಯಾವಂತರಿಗೆ ನಾಚಿಕೆಯಾಗುತ್ತಿತ್ತು. ಸುಲ್ತಾನ್ ಎರಡನೆಯ ಮಹಮೂದ್ ಅವರ ಕಾಲದಲ್ಲೂ ಸುಲ್ತಾನ್ ಅಬ್ದುಲ್ ಅಝೀಝ್ ಅವರ ಕಾಲದಲ್ಲೂ ನಾಯಿಗಳನ್ನು ಮರ್ಮರಾ ಸಮುದ್ರದ ದ್ವೀಪಕ್ಕೆ ಸಾಗಿಸುವ ಪ್ರಯತ್ನಗಳು ನಡೆದವು. ಎರಡು ಸಲವೂ ಜನರೇ ವಿರೋಧಿಸಿದರು. ನಗರದಲ್ಲಿ ಬೆಂಕಿ ಬಿದ್ದಾಗ ಇದು ನಾಯಿಗಳ ಶಾಪವೆಂದು ಜನ ಹೇಳಿದರು, ಸಾಗಿಸಿದ್ದ ನಾಯಿಗಳನ್ನು ಮರಳಿ ತಂದರು ಎಂಬ ಕಥೆ ಇಂದಿಗೂ ಅಲ್ಲಿ ಚಾಲ್ತಿಯಲ್ಲಿದೆ. 1867ರಲ್ಲಿ ಇಸ್ತಾಂಬುಲ್‌ಗೆ ಬಂದಿದ್ದ ಅಮೆರಿಕದ ಲೇಖಕ ಮಾರ್ಕ್ ಟ್ವೇನ್ ಕೂಡ ಇಂಥದ್ದನ್ನು ಕೇಳಿ ಬರೆದಿದ್ದಾನೆ. ದ್ವೀಪಕ್ಕೆಂದು ಹೊರಟ ನಾಯಿಗಳು ರಾತ್ರಿ ಹೊತ್ತು ದಾರಿಯಲ್ಲೇ ನೀರುಪಾಲಾಗುತ್ತಿವೆ ಎಂದು ತಿಳಿದಾಗ ಜನರು ಗದ್ದಲವೆಬ್ಬಿಸಿ ಅದನ್ನು ನಿಲ್ಲಿಸಿದರಂತೆ.

ಇದೇ ಶತಮಾನದಲ್ಲಿ ಇನ್ನೊಂದು ದಾರಿಯೂ ತೆರೆಯಿತು. 1885ರಲ್ಲಿ ಪ್ಯಾರಿಸ್‌ನಲ್ಲಿ ಲೂಯಿ ಪಾಶ್ಚರ್ ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕೊಟ್ಟು ಒಬ್ಬ ಬಾಲಕನನ್ನು ಉಳಿಸಿದರು. ಮರುವರ್ಷವೇ ಸುಲ್ತಾನ್ ಎರಡನೆಯ ಅಬ್ದುಲ್ ಹಮೀದ್, ಝೋರೋಸ್ ಪಾಶಾ ಎಂಬ ವೈದ್ಯರ ನೇತೃತ್ವದಲ್ಲಿ ಮೂವರನ್ನು ಪ್ಯಾರಿಸ್‌ಗೆ ಕಳುಹಿಸಿದರು. ಅವರ ಕೈಯಲ್ಲಿ ಪಾಶ್ಚರ್ ಅವರ ಸಂಸ್ಥೆಗೆ 10,000 ಫ್ರಾಂಕ್‌ಗಳ ದೇಣಿಗೆಯೂ ಇತ್ತು. ವಿದ್ಯೆ ಕಲಿತು ಮರಳಿದ ಅವರು 1887ರಲ್ಲಿ ಇಸ್ತಾಂಬುಲ್‌ನಲ್ಲಿ ರೇಬಿಸ್ ಚಿಕಿತ್ಸಾ ಕೇಂದ್ರವನ್ನು ಆರಂಭಿಸಿದರು. ನಾಯಿ ಕಡಿತದಿಂದ ಮನುಷ್ಯನನ್ನು ಉಳಿಸುವ ವಿದ್ಯೆ ಈಗ ನಗರದಲ್ಲೇ ಇತ್ತು. ಅದನ್ನು ಬೆಳೆಸಬಹುದಾಗಿತ್ತು.

1908ರ ಕ್ರಾಂತಿಯ ನಂತರ ಅಧಿಕಾರಕ್ಕೆ ಬಂದ ಯುವ ತುರ್ಕರು ಆತುರದಲ್ಲಿದ್ದರು. ನಗರ ಪ್ಯಾರಿಸ್‌ನಂತೆ ಕಾಣಬೇಕಿತ್ತು. ವೈದ್ಯರೂ ಲೇಖಕರೂ ಆಗಿದ್ದ ಅಬ್ದುಲ್ಲಾ ಜೆವ್ದೆತ್ 1909ರಲ್ಲಿ ಇಸ್ತಾಂಬುಲ್‌ನ ನಾಯಿಗಳ ಕುರಿತೇ ಒಂದು ಕಿರುಪುಸ್ತಕ ಪ್ರಕಟಿಸಿ, ಇವು ನಗರಕ್ಕೆ ಕಳಂಕವೆಂದು ವಾದಿಸಿದರು. ನಾಯಿಗಳನ್ನು ವಿಷಾನಿಲದಿಂದ ಕೊಂದು ಚರ್ಮ, ಕೊಬ್ಬುಗಳನ್ನು ಮಾರಿ ಲಾಭ ಗಳಿಸಬಹುದೆಂಬ ಯೋಜನೆಯನ್ನು ಫ್ರೆಂಚ್ ವಿಜ್ಞಾನಿಯೊಬ್ಬರು ಮುಂದಿಟ್ಟರು. ಸರಕಾರ ಅದನ್ನು ಒಪ್ಪಲಿಲ್ಲ. ಕೊಲ್ಲುವುದು ಬೇಡ, ದೂರ ಬಿಟ್ಟರೆ ಸಾಕು ಎಂದಿತು.

1910

1910ರಲ್ಲಿ ನಗರಸಭೆಯ ಆಳುಗಳು ಇಕ್ಕಳ, ಬೋನು, ಗಾಡಿಗಳೊಂದಿಗೆ ಮಹಲ್ಲಗಳಿಗೆ ಬಂದರು. ಹತ್ತಾರು ಸಾವಿರ ನಾಯಿಗಳನ್ನು ಹಿಡಿದು ದೋಣಿಗಳಲ್ಲಿ ತುಂಬಿ ನಗರದ ದಕ್ಷಿಣಕ್ಕೆ ಮರ್ಮರಾ ಸಮುದ್ರದಲ್ಲಿರುವ ಸಿವ್ರಿಯಾದಾ ಎಂಬ ಪುಟ್ಟ ದ್ವೀಪಕ್ಕೆ ಸಾಗಿಸಲಾಯಿತು. ಅದೊಂದು ಬೋಳು ಬಂಡೆ. ಮರವಿಲ್ಲ, ಕುಡಿಯುವ ನೀರಿಲ್ಲ. ಜನ ಅದನ್ನು ಕರೆಯುತ್ತಿದ್ದುದು ಹಯಿರ್‌ಸಿಝ್ ಅದಾ ಎಂದು. ಹಯಿರ್ ಎಂದರೆ ನಾವು ಹೇಳುವ ಖೈರ್. ಖೈರ್ ಇಲ್ಲದ ದ್ವೀಪ ಎಂಬುದು ಆ ಹೆಸರಿನ ಅರ್ಥ.

ಅಲ್ಲಿ ಏನಾಯಿತೆಂದು ವಿವರಿಸಲು ಕೈ ಬರುವುದಿಲ್ಲ. ಬೇಸಿಗೆಯ ಬಿಸಿಲಿನಲ್ಲಿ ನಾಯಿಗಳು ಸಮುದ್ರದ ಉಪ್ಪು ನೀರನ್ನು ನೆಕ್ಕಿದವು. ಹಸಿವಿನಿಂದ ಒಂದನ್ನೊಂದು ತಿಂದವು. ಹಾದುಹೋಗುವ ಹಡಗುಗಳನ್ನು ಕಂಡು ನೀರಿಗೆ ಹಾರಿ ಈಜಿ ಸತ್ತವು. ಗಾಳಿ ಆ ಕಡೆಯಿಂದ ಬೀಸಿದ ರಾತ್ರಿಗಳಲ್ಲಿ ಅವು ಊಳಿಡುವ ಸದ್ದು ನಗರದ ಮನೆಗಳಿಗೆ ಕೇಳಿಸುತ್ತಿತ್ತೆಂದು ಆ ತಲೆಮಾರಿನವರು ಮಕ್ಕಳು ಮೊಮ್ಮಕ್ಕಳಿಗೆ ಹೇಳಿದರು. ಬಾಯಾರಿದ ಒಂದು ನಾಯಿಗೆ ನೀರು ಕೊಟ್ಟವನ ಹದೀಸನ್ನು ಚಿಕ್ಕಂದಿನಿಂದ ಕೇಳುತ್ತಾ ಬಂದ ನಗರವದು.

ಇಲ್ಲಿ ನಾವು ಗಮನಿಸಬೇಕಾದ ಸಂಗತಿ ಒಂದಿದೆ. ಇದನ್ನು ಮಾಡಿದವರು ತಾವು ಕೊಲ್ಲುತ್ತಿದ್ದೇವೆಂದು ಭಾವಿಸಿರಲಿಲ್ಲ. ಕೊಲೆ ಬೇಡ, ದೂರ ಬಿಡೋಣ ಎಂದವರು ಅವರು. ನಮ್ಮ ಕಾಂಪೌಂಡಿನಲ್ಲಿ ಗೋಣಿ ತನ್ನಿ ಎಂದವರೂ ಕೊಲ್ಲಿ ಎಂದು ಹೇಳಿರಲಿಲ್ಲ. ಹಾಲು ಕುಡಿಯುವ ಮರಿಗಳನ್ನೂ ಕಾಲು ಮುರಿದ ತಾಯಿಯನ್ನೂ ಹೊಳೆಯಾಚೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ನಾವು ನೋಡುವುದಿಲ್ಲ, ಅಷ್ಟೇ ವ್ಯತ್ಯಾಸ. ಕಣ್ಣಿಗೆ ಕಾಣದ ಮಾತ್ರಕ್ಕೆ ಅದು ಲೆಕ್ಕದಿಂದ ತಪ್ಪಿಹೋಗುವುದೇ? ಬೆಕ್ಕನ್ನು ಕಟ್ಟಿಹಾಕಿದ ಹೆಂಗಸು ಅದನ್ನು ಕೈಯಾರೆ ಕೊಂದಿರಲಿಲ್ಲ. ಅನ್ನ ಕೊಡಲಿಲ್ಲ, ತಾನೇ ಹುಡುಕಿ ತಿನ್ನಲು ಬಿಡಲೂ ಇಲ್ಲ. ಅವಳ ತಪ್ಪು ಅದೇ.

1912ರಲ್ಲಿ ಭೂಕಂಪವಾಯಿತು, ಬಾಲ್ಕನ್ ಯುದ್ಧ ಶುರುವಾಯಿತು, ಎರಡು ವರ್ಷಗಳಲ್ಲಿ ಮಹಾಯುದ್ಧ ಬಂತು. ಜನರು ಇವನ್ನೆಲ್ಲ ಆ ನಾಯಿಗಳ ಶಾಪಕ್ಕೆ ಜೋಡಿಸಿದರು. ಯುದ್ಧಕ್ಕೂ ಭೂಕಂಪಕ್ಕೂ ನಾಯಿಯ ಶಾಪ ಕಾರಣವೆಂದು ನಾವು ಹೇಳುವುದಿಲ್ಲ. ಅಗೋಚರ ಜ್ಞಾನ ಅಲ್ಲಾಹನದು. ಆದರೆ ಒಂದು ಸಮಾಜ ತನ್ನ ಮೇಲೆ ತಾನೇ ಹೀಗೆ ಆರೋಪ ಹೊರಿಸಿಕೊಳ್ಳುವುದು ಮನಸ್ಸಾಕ್ಷಿ ಚುಚ್ಚುತ್ತಿರುವುದರ ಗುರುತು. ಅದೇ 1912ರಲ್ಲಿ ಇಸ್ತಾಂಬುಲ್‌ನಲ್ಲಿ ಪ್ರಾಣಿಗಳ ರಕ್ಷಣೆಗಾಗಿ ಒಂದು ಸಂಘ ಹುಟ್ಟಿತು. ನೂರು ವರ್ಷ ಕಳೆದರೂ ಗಾಯ ಮಾಯಲಿಲ್ಲ. ಆ ದ್ವೀಪದ ಕಥೆಯನ್ನು ಹೇಳುವ ಒಂದು ಕಿರುಚಿತ್ರಕ್ಕೆ 2010ರ ಕಾನ್ ಚಿತ್ರೋತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿ ಸಿಕ್ಕಿತು.

ನಾಯಿಗಳಾದರೂ ಮುಗಿದವೇ? ಇಲ್ಲ. ಕೆಲವು ವರ್ಷಗಳಲ್ಲೇ ಬೀದಿಗಳು ಮತ್ತೆ ನಾಯಿಗಳಿಂದ ತುಂಬಿದವು. 2004ರಲ್ಲಿ ತುರ್ಕಿ ದೇಶ ಹೊಸ ಕಾನೂನು ತಂದಿತು. ನಾಯಿಯನ್ನು ಹಿಡಿದು, ಸಂತಾನಶಕ್ತಿಹರಣ ಚಿಕಿತ್ಸೆ ಮಾಡಿ, ಲಸಿಕೆ ಕೊಟ್ಟು, ಅದೇ ಜಾಗಕ್ಕೆ ಮರಳಿ ಬಿಡಬೇಕು. ಹಲವು ನಗರಸಭೆಗಳು ಅದನ್ನು ಸರಿಯಾಗಿ ಮಾಡಲಿಲ್ಲ. ನಾಯಿಗಳು ಹೆಚ್ಚಿದವು, ಮಕ್ಕಳು ಸತ್ತರು, ಜನ ಸಿಟ್ಟಾದರು. 2024ರ ಜುಲೈಯಲ್ಲಿ ಕಾನೂನು ಬದಲಾಯಿತು. ಬೀದಿನಾಯಿಗಳನ್ನು ಆಶ್ರಯ ತಾಣಗಳಿಗೆ ಸೇರಿಸಬೇಕು, ಅಪಾಯಕಾರಿಯಾದವನ್ನು, ವಾಸಿಯಾಗದ ರೋಗವಿರುವವನ್ನು ಕೊಲ್ಲಬಹುದು ಎಂದಾಯಿತು. ಬೀದಿಗಿಳಿದು ಪ್ರತಿಭಟಿಸಿದವರ ಬಾಯಲ್ಲಿ ಮತ್ತೆ ಆ ದ್ವೀಪದ ಹೆಸರು ಕೇಳಿಬಂತು.

ನಮ್ಮ ನಾಡಿನಲ್ಲಿ

ನಮ್ಮ ದೇಶವೂ ಇದೇ ದಾರಿಯಲ್ಲಿ ನಡೆದು ಬಂದಿದೆ. 1832ರ ಜೂನ್‌ನಲ್ಲಿ ಬ್ರಿಟಿಷರು ಬೀದಿನಾಯಿಗಳನ್ನು ಕೊಲ್ಲಿಸುತ್ತಿದ್ದುದರ ವಿರುದ್ಧ ಮುಂಬೈ ನಗರದಲ್ಲಿ ಪಾರ್ಸಿಗಳು ಮುಂದಾಗಿ ದೊಡ್ಡ ಗಲಭೆಯೇ ನಡೆದಿತ್ತು. ಮದರಾಸಿನಲ್ಲಿ ನಗರಪಾಲಿಕೆ ನೂರು ವರ್ಷಕ್ಕೂ ಹೆಚ್ಚು ಕಾಲ ನಾಯಿಗಳನ್ನು ಹಿಡಿದು ಕೊಲ್ಲುತ್ತಾ ಬಂತು. ನಾಯಿಗಳೂ ಕಡಿಮೆಯಾಗಲಿಲ್ಲ, ರೇಬಿಸ್ಸೂ ಕಡಿಮೆಯಾಗಲಿಲ್ಲ. 1959ರಲ್ಲಿ ಅಲ್ಲಿ ಹುಟ್ಟಿದ ಬ್ಲೂ ಕ್ರಾಸ್ ಸಂಸ್ಥೆ, ಕೊಲ್ಲುವುದರ ಬದಲು ಸಂತಾನ ನಿಯಂತ್ರಿಸಿ ಎಂದು ಹೇಳುತ್ತಲೇ ಇತ್ತು. ಪಾಲಿಕೆ ಅದನ್ನು ಒಪ್ಪಲು 1996 ಬರಬೇಕಾಯಿತು. 2001ರಲ್ಲಿ ಇದು ಇಡೀ ದೇಶದ ನಿಯಮವಾಯಿತು. 2023ರಲ್ಲಿ ಹೊಸ ನಿಯಮಗಳು ಬಂದವು.

ಕೊಂದರೂ ಸಾಗಿಸಿದರೂ ನಾಯಿಗಳು ಏಕೆ ಕಡಿಮೆಯಾಗುವುದಿಲ್ಲ? ಇಸ್ತಾಂಬುಲ್‌ನ ಮಹಲ್ಲವನ್ನು ನೆನಪಿಸಿಕೊಳ್ಳಿ. ಪ್ರತಿ ಬೀದಿಗೂ ಅದರದೇ ನಾಯಿಗಳಿರುತ್ತವೆ, ಅವು ಹೊರಗಿನ ನಾಯಿಗಳನ್ನು ಒಳಗೆ ಬಿಡುವುದಿಲ್ಲ. ಅವನ್ನು ತೆಗೆದರೆ ಜಾಗ ಖಾಲಿಯಾಗುತ್ತದೆ. ಕಸದ ರಾಶಿ ಮಾತ್ರ ಹಾಗೆಯೇ ಇರುತ್ತದೆ. ಪಕ್ಕದ ಬೀದಿಯ ನಾಯಿಗಳು ಬಂದು ಸೇರುತ್ತವೆ, ಮರಿ ಹಾಕುತ್ತವೆ. ಹೊಸದಾಗಿ ಬಂದವಕ್ಕೆ ಲಸಿಕೆಯಾಗಿರುವುದಿಲ್ಲ. ಲಸಿಕೆ ಪಡೆದ, ಮರಿ ಹಾಕದ ನಾಯಿ ತನ್ನ ಬೀದಿಯಲ್ಲೇ ಇದ್ದರೆ ಅದೇ ಆ ಬೀದಿಗೆ ಬೇಲಿ. ನಾಯಿಗಳಲ್ಲಿ ನೂರಕ್ಕೆ 70ರಷ್ಟಕ್ಕೆ ಲಸಿಕೆಯಾದರೆ ರೇಬಿಸ್ ಹರಡುವುದು ನಿಲ್ಲುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಪಕ್ಕದ ಗೋವಾ ಇದನ್ನು ಮಾಡಿ ತೋರಿಸಿತು. ವರ್ಷ ವರ್ಷವೂ ನಾಯಿಗಳಿಗೆ ಲಸಿಕೆ ಹಾಕುತ್ತಾ ಬಂದ ಆ ರಾಜ್ಯ 2021ರಲ್ಲಿ ರೇಬಿಸ್ ನಿಯಂತ್ರಿತ ರಾಜ್ಯವೆಂದು ಘೋಷಿಸಲ್ಪಟ್ಟಿತು.

ಭಯವನ್ನು ನಾವು ಹಗುರ ಮಾಡುತ್ತಿಲ್ಲ. 2007ರಲ್ಲಿ ಬೆಂಗಳೂರಿನಲ್ಲಿ ಕೆಲವೇ ವಾರಗಳ ಅಂತರದಲ್ಲಿ ಎರಡು ಮಕ್ಕಳು ಬೀದಿನಾಯಿಗಳ ದಾಳಿಗೆ ಬಲಿಯಾದವು. ಆ ತಾಯಂದಿರ ಮುಂದೆ ನಿಂತು ದಯೆಯ ಬಗ್ಗೆ ಉಪದೇಶ ಮಾಡುವ ಧೈರ್ಯ ಯಾರಿಗೂ ಇರಬಾರದು. ಆಗ ನಗರದಲ್ಲಿ ನಾಯಿಗಳನ್ನು ಸಿಕ್ಕಸಿಕ್ಕಲ್ಲಿ ಹಿಡಿದು ಕೊಲ್ಲಲಾಯಿತು. ಇಂದಿಗೂ ಬೆಂಗಳೂರಿನಲ್ಲಿ ನಾಯಿಗಳಿವೆ, ಕಡಿತವೂ ಇದೆ. ಆ ಸಿಟ್ಟಿನ ಕೊಲೆಗಳು ಯಾವ ಮಗುವನ್ನೂ ಕಾಪಾಡಲಿಲ್ಲ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಮೊದಲು ದಿಲ್ಲಿ ಪ್ರದೇಶದ ನಾಯಿಗಳನ್ನೆಲ್ಲ ಆಶ್ರಯ ತಾಣಕ್ಕೆ ಸಾಗಿಸಲು ಆದೇಶಿಸಿತು. ಹನ್ನೊಂದು ದಿನಗಳ ನಂತರ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿದ್ದಿತು. ರೇಬಿಸ್ ತಗುಲಿದ, ಆಕ್ರಮಣಕಾರಿಯಾದ ನಾಯಿಗಳನ್ನು ಬಿಟ್ಟು ಉಳಿದವನ್ನು ಚಿಕಿತ್ಸೆ, ಲಸಿಕೆಯ ನಂತರ ಅದೇ ಜಾಗಕ್ಕೆ ಬಿಡಬೇಕು, ನಿಗದಿತ ಸ್ಥಳಗಳಲ್ಲಿ ಮಾತ್ರ ಆಹಾರ ಹಾಕಬೇಕು ಎಂದಿತು. ನವೆಂಬರ್‌ನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂಥ ಸ್ಥಳಗಳಿಂದ ನಾಯಿಗಳನ್ನು ತೆಗೆದು ಆಶ್ರಯ ತಾಣಕ್ಕೆ ಸೇರಿಸಬೇಕೆಂದು ಆದೇಶಿಸಿತು. ಕಾನೂನು ಏನೇ ಆಗಲಿ, ಆಶ್ರಯ ತಾಣ ಎಂಬ ಹೆಸರಿನಲ್ಲಿ ಖೈರ್ ಇಲ್ಲದ ಇನ್ನೊಂದು ದ್ವೀಪ ಎದ್ದು ನಿಲ್ಲದಂತೆ ನೋಡಿಕೊಳ್ಳುವ ಹೊಣೆ ಸಮಾಜದ ಮೇಲಿದೆ. ಅಲ್ಲಿ ನೀರಿದೆಯೇ, ಅನ್ನವಿದೆಯೇ, ವೈದ್ಯರಿದ್ದಾರೆಯೇ ಎಂದು ಹೋಗಿ ನೋಡುವವರು ಬೇಕು.

ನಮ್ಮ ಮಹಲ್ಲಗಳಲ್ಲಿ ಮಾಡಬಹುದಾದ ಕೆಲಸ ಬಹಳವಿದೆ. ಮೊದಲನೆಯದು ನಮ್ಮ ಕಸ. ಕೋಳಿ ಅಂಗಡಿಯ ತ್ಯಾಜ್ಯ, ಮದುವೆ ಹಾಲ್‌ನ ಎಂಜಲು, ಬಕ್ರೀದ್‌ನ ನಂತರದ ಕರುಳು ಮೂಳೆ. ಇವು ರಸ್ತೆ ಬದಿಯಲ್ಲಿ ಬಿದ್ದಿರುವವರೆಗೆ ನಾಯಿಗಳ ಹಿಂಡು ಬೆಳೆಯುತ್ತದೆ. ನಾವೇ ಹಿಂಡನ್ನು ಬೆಳೆಸಿ, ನಾವೇ ಕಲ್ಲು ಹೊಡೆಯುವುದು ನ್ಯಾಯವಲ್ಲ. ಎರಡನೆಯದು, ಮಹಲ್ಲದ ನಾಯಿಗಳ ಸಂತಾನಶಕ್ತಿಹರಣ ಮತ್ತು ಲಸಿಕೆಗಾಗಿ ಪಂಚಾಯತ್‌ಗೋ ನಗರಸಭೆಗೋ ಜಮಾಅತ್‌ನ ಹೆಸರಿನಲ್ಲೇ ಅರ್ಜಿ ಕೊಡುವುದು. ಮೂರನೆಯದು, ಕಚ್ಚಿದರೆ ಏನು ಮಾಡಬೇಕೆಂದು ಮದ್ರಸದಲ್ಲೇ ಮಕ್ಕಳಿಗೆ ಕಲಿಸುವುದು. ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಸುಣ್ಣ, ಮೆಣಸು, ಅರಿಶಿನ ಏನನ್ನೂ ಹಚ್ಚಬಾರದು. ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಿ, ಹೇಳಿದ ದಿನಗಳಲ್ಲೆಲ್ಲ ತಪ್ಪದೆ ಹಾಕಿಸಿಕೊಳ್ಳಬೇಕು. ರೇಬಿಸ್‌ನ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಹೆಚ್ಚು ಕಡಿಮೆ ಅಸಾಧ್ಯ. ನಾಲ್ಕನೆಯದು, ಮನೆಯೊಳಗೆ ಸಾಕಲು ಹಿಂಜರಿಯುವ ನಮ್ಮವರಿಗೂ ತೋಟ, ಹಟ್ಟಿ, ಗೋದಾಮುಗಳಿವೆ. ಹೊಲದ, ಮಂದೆಯ ಕಾವಲಿಗೆ ನಾಯಿ ಇಟ್ಟುಕೊಳ್ಳಲು ಹದೀಸೇ ಅನುಮತಿ ಕೊಟ್ಟಿದೆ. ಅಂಥ ಕಾವಲು ಬೇಕಾದವರು ದುಡ್ಡು ಕೊಟ್ಟು ತಳಿ ನಾಯಿ ತರುವ ಬದಲು ಬೀದಿಯ ಒಂದು ಮರಿಗೆ ಜಾಗ ಕೊಡಬಹುದು.

ಇನ್ನು ಆ ಶುಕ್ರವಾರದ ಮಾತು. ಗೋಣಿ ಬರಲಿಲ್ಲ. ಹಾಜಿಯವರೊಬ್ಬರು ಪೇಟೆಯ ಪಶು ವೈದ್ಯರಿಗೆ ಫೋನ್ ಮಾಡಿದರು. ವೈದ್ಯರು ಬರುವವರೆಗೆ ಮಕ್ಕಳು ಹತ್ತಿರ ಹೋಗದಂತೆ ಇಬ್ಬರು ಯುವಕರು ಕೊಡೆ ಹಿಡಿದು ಕಾವಲು ನಿಂತರು. ಅವರನ್ನು ನೋಡುವಾಗ ನಮಗೆ ಜುಐಲ್(ರ)ರ ನೆನಪಾಯಿತು. ನಾಯಿಯ ಬಾಯಿಗೆ ಬಟ್ಟೆ ಕಟ್ಟಿ, ಗಾಯದ ಹುಳು ತೆಗೆದು ಮದ್ದು ಹಾಕಿದರು. ಏಳು ಸಲದ ಪ್ರಶ್ನೆ ಕೇಳಿದ್ದ ಯುವಕನೇ ಅದರ ಕಾಲು ಹಿಡಿದುಕೊಂಡಿದ್ದ. ಎಲ್ಲ ಮುಗಿದ ಮೇಲೆ ಉಸ್ತಾದರು ಹೇಳಿಕೊಟ್ಟಂತೆ ಮಣ್ಣು ತಂದು ಏಳು ಸಲ ಕೈ ತೊಳೆದ, ಬಟ್ಟೆ ಬದಲಿಸಿ ಅಸರ್ ನಮಾಝ್‌ಗೆ ಬಂದ.

ಕಾಲು ವಾಸಿಯಾದ ಮೇಲೆ ತಾಯಿಗೆ ಲಸಿಕೆಯೂ ಸಂತಾನಶಕ್ತಿಹರಣ ಚಿಕಿತ್ಸೆಯೂ ಆಯಿತು. ಮರಿಗಳಲ್ಲಿ ಎರಡು ಉಳಿಯಲಿಲ್ಲ. ಉಳಿದ ಎರಡು ನಮ್ಮ ಜಮಾಅತ್‌ನ ಒಬ್ಬರ ಅಡಿಕೆ ತೋಟದಲ್ಲಿ ಕಾವಲಿಗಿವೆ. ತಾಯಿ ಈಗಲೂ ಮಸೀದಿಯ ಗೇಟಿನ ಹೊರಗೆ ಕುಂಟುತ್ತಾ ಓಡಾಡುತ್ತದೆ. ಗೆರೆ ದಾಟಿ ಒಳಗೆ ಬರುವುದಿಲ್ಲ. ಗೆರೆಯಾಚೆ ಅದಕ್ಕೊಂದು ನೀರಿನ ಬಟ್ಟಲಿದೆ.

ನಾವು ಕಡೆಗಣಿಸಿದ ಮೂಕ ಜೀವಿಗಳ ವಿಷಯದಲ್ಲಿ ಅಲ್ಲಾಹನು ನಮ್ಮನ್ನು ಕ್ಷಮಿಸಲಿ. ನಮ್ಮ ಮಹಲ್ಲಗಳನ್ನು ಖೈರ್ ಇರುವ ಮಹಲ್ಲಗಳನ್ನಾಗಿ ಮಾಡಲಿ. ಆಮೀನ್.